ಬೈಸಿಕಲ್ಲಿನ ಪೆಡಲೂ ಅದರ ತಿರುಪೂ



2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಬಾಲಿಕೆಯರಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಎಷ್ಟೋ ಹಳ್ಳಿಯ ಹುಡುಗಿಯರು ಪ್ರೌಢಶಾಲೆಯ ದಾರಿಯನ್ನು ತಾವೇ ತುಳಿದು ಸಾಗುವಂತಾಯಿತು. ಆದರೆ ಪೆಡಲೊಂದು ಕಳಚಿದರೆ ಆ ದಿನದ ಪಾಠವು ತಪ್ಪುತ್ತದೆ, ದಾವಣಗೆರೆಯ ಪಿ.ಬಿ. ರಸ್ತೆಯಂತಹ ವಾಹನಗಳ ದಟ್ಟಣೆಯಲ್ಲಿ ಕಳಚಿದರೆ ಪ್ರಾಣಕ್ಕೇ ಅಪಾಯವುಂಟು. ಆದಕಾರಣ ಈ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ನಿರುಪಯುಕ್ತವಾಗಲಾರದೆಂದು ನಂಬುತ್ತೇನೆ.

ಪೆಡಲನ್ನು ಹೊತ್ತಿರುವ ಲೋಹದ ತೋಳಿಗೆ ಕ್ರ್ಯಾಂಕು ಎಂದು ಹೆಸರು. ಅದರ ತುದಿಯ ರಂಧ್ರದೊಳಗೂ ಪೆಡಲಿನ ಕಡ್ಡಿಯ ಮೇಲೂ ತಿರುಪಿನ ಗೆರೆಗಳಿರುತ್ತವೆ. ಸಾಮಾನ್ಯವಾಗಿ ಇದರ ವ್ಯಾಸವು 9/16 ಅಂಗುಲ. ಅಂಗುಲವೊಂದಕ್ಕೆ 20 ಸುತ್ತುಗಳು. ಬಲಗಡೆಯದು ವಾಡಿಕೆಯ ತಿರುಪು, ಎಡಗಡೆಯದು ವಿರುದ್ಧ ತಿರುಪು. ಇದು ತಯಾರಕರ ಹುಚ್ಚಾಟವಲ್ಲ. ತುಳಿಯುವಾಗ ಕೂದಲೆಳೆಯಷ್ಟು ಎಡೆಯಿದ್ದರೂ, ಕಡ್ಡಿಯು ರಂಧ್ರದೊಳಗೆ ಉರುಳುತ್ತ ಕ್ರ್ಯಾಂಕು ತಿರುಗುವ ದಿಕ್ಕಿಗೇ ಮೆಲ್ಲನೆ ಸರಿಯುತ್ತದೆ. ಎರಡು ಕಡೆಗೂ ಎರಡು ಬಗೆಯ ತಿರುಪಿರುವುದರಿಂದ ಈ ಸರಿಯುವಿಕೆಯು ಪೆಡಲನ್ನು ಬಿಚ್ಚದೆ ಬಿಗಿಮಾಡುತ್ತದೆ. ನೆನಪಿಡಬೇಕಾದ ಸೂತ್ರವಿಷ್ಟೆ: ಕಡ್ಡಿಯ ಮೇಲೆ ಸ್ಪ್ಯಾನರನ್ನು ನೆಟ್ಟಗೆ ನಿಲ್ಲಿಸಿ ಮುಂಗಾಲಿಯ ಕಡೆಗೆ ಎಳೆದರೆ ಎರಡೂ ಪೆಡಲುಗಳು ಬಿಗಿಯಾಗುತ್ತವೆ, ಹಿಂಗಾಲಿಯ ಕಡೆಗೆ ಎಳೆದರೆ ಸಡಿಲುತ್ತವೆ.

ಗೆರೆಗಳು ಕೆಡುವುದಕ್ಕೆ ಮುಖ್ಯ ಕಾರಣಗಳು ಮೂರು: ಎಡಬಲಗಳನ್ನು ಅರಿಯದೆ ಬಲಾತ್ಕಾರದಿಂದ ತೊಡಿಸುವುದು, ಕಡ್ಡಿಯನ್ನು ಓರೆಯಾಗಿ ತಿರುಗಿಸುವುದು, ಸಡಿಲವಾದ ಪೆಡಲನ್ನು ತುಳಿಯುತ್ತಲೇ ಇರುವುದು. ಮೂರನೆಯದೇ ಹೆಚ್ಚು ಕೇಡು ಮಾಡತಕ್ಕದ್ದು.

ಮೊದಲಿನ ಒಂದೆರಡು ಗೆರೆಗಳು ಮಾತ್ರ ಕೆಟ್ಟಿದ್ದರೆ, ರಂಧ್ರವನ್ನು ಶುಚಿಮಾಡಿ, ಎಣ್ಣೆಬಿಟ್ಟು, ಅದೇ ಪಕ್ಕದ ಟ್ಯಾಪನ್ನು ಕ್ರ್ಯಾಂಕಿನ ಒಳಮೈಯಿಂದ ತಿರುಗಿಸಬೇಕು. ಅಲ್ಲಿಯ ಗೆರೆಗಳು ಕೆಟ್ಟಿರದಿದ್ದರೆ ಅವೇ ದಾರಿ ತೋರಿಸಿ ಹೊರಗಿನವನ್ನು ಸರಿಪಡಿಸುತ್ತವೆ. ಗೆರೆಗಳೆಲ್ಲ ಕಿತ್ತುಹೋಗಿದ್ದರೆ, ಸಾಧಾರಣ ಉಕ್ಕಿನ ಕ್ರ್ಯಾಂಕನ್ನು ಬದಲಾಯಿಸುವುದೇ ಲೇಸು. ಕಾಟರ್ ಪಿನ್ನಿನ ನಟ್ಟು ಸಡಿಲಿಸಿ, ಕ್ರ್ಯಾಂಕಿಗೆ ಕೆಳಗಿನಿಂದ ಗಟ್ಟಿಯಾದ ಆಸರೆ ಕೊಟ್ಟು, ಪಿನ್ನನ್ನು ಹೊಡೆದು ತೆಗೆಯಬೇಕು. ಹೊಸ ಕ್ರ್ಯಾಂಕಿಗೆ ಹೊಸ ಪಿನ್ನನ್ನೇ ಹಾಕಬೇಕು. ಬೆಲೆಬಾಳುವ ಅಲ್ಯೂಮಿನಿಯಮ್ ಕ್ರ್ಯಾಂಕಾದರೆ, ರಂಧ್ರವನ್ನು ಹಿಗ್ಗಿಸಿ, ಹೊಸ ಗೆರೆ ಕೊರೆದು, ಒಳಗೂ ಹೊರಗೂ ತಿರುಪುಳ್ಳ ಉಕ್ಕಿನ ಬುಷ್ ಕೂರಿಸಬಹುದು. ಇದು ಲೇಥ್ ಬಲ್ಲ ಕುಶಲಿಯ ಕೆಲಸ. ಪೆಡಲನ್ನು ಕ್ರ್ಯಾಂಕಿಗೆ ಬೆಸುಗೆ ಹಾಕಿಸುವುದು ಸರ್ವಥಾ ತಕ್ಕುದಲ್ಲ. ಬೆಸುಗೆ ಬಿರಿದರೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ, ಪೆಡಲು ಸವೆದರೆ ಕ್ರ್ಯಾಂಕನ್ನೂ ಎಸೆಯಬೇಕಾಗುತ್ತದೆ.

ಲೇಥಿನ ಹೆಸರೆತ್ತಿದಾಗ ನೆರೆಯ ಹರಿಹರವು ನೆನಪಿಗೆ ಬರುವುದು ಸಹಜ. 1941ರಲ್ಲಿ ಅಲ್ಲಿ ಸ್ಥಾಪಿತವಾಗಿ ಲೇಥುಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈಗ ನಡೆಯುತ್ತಿಲ್ಲ. ಆದರೆ ಆ ಮನೆತನದ ಉದ್ಯಮಕ್ಕೆ ಅಡಿಗಲ್ಲಾದುದು 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ತೆರೆದ ಸಣ್ಣದೊಂದು ಬೈಸಿಕಲ್ ಅಂಗಡಿಯೆಂಬುದನ್ನು ನೆನೆದರೆ, ಸೈಕಲ್ ರಿಪೇರಿಯನ್ನು ಕೀಳೆಂದೆಣಿಸಲು ಕಾರಣವಿಲ್ಲ.

ಹೆಣ್ಣುಮಕ್ಕಳಿಗೆ ಸವಾರಿಯನ್ನು ಕಲಿಸುವ ನಾವು ಸ್ಪ್ಯಾನರ್ ಹಿಡಿಯುವುದನ್ನೂ ಕಲಿಸಬೇಕು. ಹೊಸ ಪೆಡಲು ತೊಡಿಸುವಾಗ ಗ್ರೀಸು ಸವರಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಲಿ. ತಿಂಗಳಿಗೊಮ್ಮೆ ಬಿಗಿಯನ್ನು ಪರೀಕ್ಷಿಸಲಿ. ತುಳಿಯುವಾಗ ಟಕಟಕ ಸದ್ದು ಕೇಳಿದರೆ ಆಗಲೇ ಇಳಿದು ನೋಡಲಿ. ಅಂದು ಅರ್ಧ ಸುತ್ತಿನಿಂದ ಮುಗಿಯುವ ಕೆಲಸವು ವಾರ ಕಳೆದರೆ ಹೊಸ ಕ್ರ್ಯಾಂಕನ್ನು ಬೇಡೀತು.