ಮನೆಯ ಕಂಪ್ಯೂಟರಿನ ಕೀಲಿಕೈ ಯಾರ ಹತ್ತಿರ?

ಮಕ್ಕಳೇ, ಬ್ಯಾಂಕಿನ ತಿಜೋರಿಗೆ ಎಷ್ಟು ಕೀಲಿಕೈ ಗೊತ್ತೇ? ಎರಡು. ಅವು ಇಬ್ಬರು ಬೇರೆ ಬೇರೆ ಸಿಬ್ಬಂದಿಯ ಬಳಿ ಇರುತ್ತವೆ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಕೌಂಟರಿನ ಗುಮಾಸ್ತ ಸಣ್ಣ ಮೊತ್ತದ ಚೆಕ್ಕನ್ನು ತಾನೇ ಪಾಸು ಮಾಡಬಹುದು. ಮಿತಿ ಮೀರಿದರೆ ಅಧಿಕಾರಿಯ ಸಹಿ ಬೇಕು. ಗುಮಾಸ್ತ ಕಳ್ಳನೆಂದು ಈ ನಿಯಮ ಮಾಡಿದ್ದಲ್ಲ. ಯಾರಾದರೂ ಅವನನ್ನು ಮೋಸಗೊಳಿಸಿದರೆ ನಷ್ಟ ಅಲ್ಲಿಗೇ ನಿಲ್ಲಲಿ ಎಂದು. ಆ ಕೌಂಟರಿನಲ್ಲೇ ಕುಳಿತು ನಿವೃತ್ತನಾದ ನನಗೆ ಇದು ಚೆನ್ನಾಗಿ ಗೊತ್ತು.

ನಮ್ಮ ದೇವದುರ್ಗದ ರೈತರಿಗೂ ಇದು ಹೊಸದಲ್ಲ. ನಾರಾಯಣಪುರ ಬಲದಂಡೆ ಕಾಲುವೆಯಿಂದ ಹೊಲಕ್ಕೆ ನೀರು ಬಿಟ್ಟುಕೊಳ್ಳುವವರ ಕೈಗೆ ಜಲಾಶಯದ ಗೇಟನ್ನು ಯಾರೂ ಒಪ್ಪಿಸುವುದಿಲ್ಲ.

ಕಂಪ್ಯೂಟರಿಗೂ ಇದೇ ನೀತಿ. 1975ರಲ್ಲಿ ಅಮೆರಿಕದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು ಇದನ್ನು ಬರೆದಿಟ್ಟರು: ಪ್ರತಿ ಪ್ರೋಗ್ರಾಮಿಗೂ ಪ್ರತಿ ಬಳಕೆದಾರನಿಗೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು, ಹೆಚ್ಚು ಬೇಡ.

ಆದರೆ ಮನೆಯಲ್ಲಿ ಏನಾಗುತ್ತದೆ? ಹೊಸ ವಿಂಡೋಸ್ ಕಂಪ್ಯೂಟರ್ ತಂದಾಗ ಮೊದಲು ತೆರೆಯುವ ಖಾತೆ 'ಅಡ್ಮಿನಿಸ್ಟ್ರೇಟರ್', ಅಂದರೆ ಯಜಮಾನನ ಖಾತೆ. ಅಜ್ಜ, ಅಪ್ಪ, ಮಕ್ಕಳು ಎಲ್ಲರೂ ಅದರಲ್ಲೇ ಕೆಲಸ ಮಾಡುತ್ತಾರೆ. ಪುಕ್ಕಟೆ ಆಟವೆಂದು ಏನನ್ನೋ ಇಳಿಸಿಕೊಂಡಾಗ ಪರದೆ ಮಂಕಾಗಿ, "ಈ ಪ್ರೋಗ್ರಾಮಿಗೆ ಬದಲಾವಣೆ ಮಾಡಲು ಬಿಡಬೇಕೇ?" ಎಂದು ಕೇಳುತ್ತದೆ. ಆಟದ ಆತುರದಲ್ಲಿ ಬೆರಳು 'ಹೌದು' ಒತ್ತುತ್ತದೆ. ಒಳಗೆ ಬಂದದ್ದು ಕುತಂತ್ರಾಂಶವಾಗಿದ್ದರೆ ಇಡೀ ಯಂತ್ರದ ಕೀಲಿಕೈ ಅದರ ಕೈಗೆ ಹೋಯಿತು. ವೈರಸ್ ಕಾವಲುಗಾರನನ್ನೇ ಅದು ಮಲಗಿಸಬಹುದು.

ಉಪಾಯ ಸುಲಭ, ಖರ್ಚಿಲ್ಲ. ಸೆಟ್ಟಿಂಗ್ಸ್‌ನ 'ಅಕೌಂಟ್ಸ್' ಭಾಗದಲ್ಲಿ ಹೊಸದೊಂದು ಖಾತೆ ತೆರೆದು, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಗಟ್ಟಿ ಪಾಸ್‌ವರ್ಡ್ ಇಡಿ. ಆ ಖಾತೆಗೆ ಒಮ್ಮೆ ಹೋಗಿ, ಅದು ಸರಿಯಾಗಿ ತೆರೆಯುತ್ತದೆಯೇ ನೋಡಿ. ಆಮೇಲೆ ಅಲ್ಲಿಂದಲೇ ದಿನಬಳಕೆಯ ಖಾತೆಯನ್ನು 'ಸ್ಟ್ಯಾಂಡರ್ಡ್ ಯೂಸರ್' ಆಗಿ ಬದಲಿಸಿ. ಇನ್ನು ಯಂತ್ರಕ್ಕೆ ದೊಡ್ಡ ಬದಲಾವಣೆ ಮಾಡಬೇಕಾದರೆ ಬರೀ 'ಹೌದು' ಸಾಲದು, ಯಜಮಾನನ ಪಾಸ್‌ವರ್ಡ್ ಬೇಕು. ಹಿರಿಯರೇ, ಕಾನೂನು ನಮಗೂ ಒಂದೇ. ಪಾಸ್‌ವರ್ಡ್ ನಮ್ಮ ಹತ್ತಿರ ಇದ್ದರೂ ಪತ್ರಿಕೆ ಓದಲು, ಪಿಂಚಣಿ ನೋಡಲು ಸಾಮಾನ್ಯ ಖಾತೆಯೇ ಸಾಕು.

ಇದೊಂದರಿಂದಲೇ ಎಲ್ಲ ಅಪಾಯ ತಪ್ಪುವುದಿಲ್ಲ. ಸಾಮಾನ್ಯ ಖಾತೆಯಲ್ಲಿ ನುಗ್ಗಿದ ಕುತಂತ್ರಾಂಶವೂ ಆ ಖಾತೆಯ ಫೋಟೋ, ಕಾಗದಪತ್ರಗಳನ್ನು ಕೆಡಿಸಬಲ್ಲದು. ಆದ್ದರಿಂದ ಅವುಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟು, ಡಿಸ್ಕನ್ನು ಕಳಚಿಡಿ. ಅಪ್‌ಡೇಟನ್ನೂ ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿಯಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಕಷ್ಟಕ್ಕೆ ಸಿಕ್ಕರು.

ಮೊಬೈಲಿಗೂ ಇದೇ ಮಾತು. ಟಾರ್ಚ್ ಆ್ಯಪಿಗೆ ನಿಮ್ಮ ಎಸ್ಸೆಮ್ಮೆಸ್ ಏಕೆ ಬೇಕು? ಲೆಕ್ಕ ಮಾಡುವ ಆ್ಯಪಿಗೆ ಫೋನ್ ನಂಬರುಗಳ ಪಟ್ಟಿ ಏಕೆ? ಕೆಲಸಕ್ಕೆ ಸಂಬಂಧವಿಲ್ಲದ ಅನುಮತಿ ಕೇಳಿದರೆ ಕೊಡಬೇಡಿ. ಮದುವೆ ಕರೆಯೋಲೆ, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ 'ಎಪಿಕೆ' ಕಡತವನ್ನು ತೆರೆಯಲೇಬೇಡಿ. ಎಸ್ಸೆಮ್ಮೆಸ್ ಓದುವ ಅನುಮತಿ ಸಿಕ್ಕರೆ ಅದು ನಿಮ್ಮ ಒಟಿಪಿಯನ್ನೂ ಓದುತ್ತದೆ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಈ ಭಾನುವಾರ ಅಜ್ಜ-ಮೊಮ್ಮಕ್ಕಳು ಜೊತೆಗೆ ಕುಳಿತು ಈ ಕೆಲಸ ಮುಗಿಸಿ. ಖಾತೆ ಬದಲಿಸುವ ಚುರುಕು ಮೊಮ್ಮಕ್ಕಳದು, ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಅಲಮಾರಿಯಲ್ಲಿ ಜೋಪಾನ ಮಾಡುವ ಹೊಣೆ ಅಜ್ಜ-ಅಜ್ಜಿಯರದು.