ಜಾಂಗೋದಲ್ಲಿ ನಲ್ ಮೌಲ್ಯಗಳ ವಿಂಗಡಣೆ

ಜಾಂಗೋ ಎಂಬುದು ಪೈಥಾನ್ ಭಾಷೆಯಲ್ಲಿ ರಚಿತವಾದ, ಜಾಲತಾಣಗಳ ನಿರ್ಮಾಣಕ್ಕೆ ಬಳಸುವ ಮುಕ್ತ ತಂತ್ರಾಂಶ ಚೌಕಟ್ಟು. ಇದರಲ್ಲಿ ದತ್ತಾಂಶವನ್ನು ಏರಿಕೆ ಅಥವಾ ಇಳಿಕೆಯ ಕ್ರಮದಲ್ಲಿ ಜೋಡಿಸುವಾಗ, ಮೌಲ್ಯ ದಾಖಲಾಗದ ಸಾಲುಗಳು ಪಟ್ಟಿಯ ಮೊದಲಲ್ಲಿ ಬರಬೇಕೆ ಕೊನೆಯಲ್ಲಿ ಬರಬೇಕೆ ಎಂದು ನಿರ್ಧರಿಸುವುದನ್ನು ನಲ್ ಮೌಲ್ಯಗಳ ವಿಂಗಡಣೆ ಎನ್ನಬಹುದು.

ನಲ್ ಎಂದರೇನು

ಡೇಟಾಬೇಸಿನಲ್ಲಿ ಮೌಲ್ಯವು ತಿಳಿದಿಲ್ಲ ಅಥವಾ ಅನ್ವಯಿಸುವುದಿಲ್ಲ ಎಂಬುದನ್ನು ಸೂಚಿಸುವ ಗುರುತೇ ನಲ್. ಕನ್ನಡದ ‘ಶೂನ್ಯ’ ಪದಕ್ಕೆ ಸೊನ್ನೆ ಎಂಬ ಅರ್ಥವೂ ಇರುವುದರಿಂದ, ಇವೆರಡನ್ನು ಬೇರೆಯಾಗಿಯೇ ಗ್ರಹಿಸಬೇಕು. ಪರೀಕ್ಷೆ ಬರೆದು 0 ಅಂಕ ಪಡೆದ ವಿದ್ಯಾರ್ಥಿಗೆ ಮೌಲ್ಯವಿದೆ; ಗೈರುಹಾಜರಾದವನಿಗೆ ಮೌಲ್ಯವೇ ಇಲ್ಲ. ನಲ್ ಅನ್ನು ಯಾವುದೇ ಸಂಖ್ಯೆಯೊಡನೆ ಹೋಲಿಸಿದರೆ ದೊರೆಯುವ ಉತ್ತರ ಸರಿ ಅಥವಾ ತಪ್ಪು ಎಂದಲ್ಲ, ‘ಅಜ್ಞಾತ’ ಎಂದು. ಆದ್ದರಿಂದ ವಿಂಗಡಣೆಯಲ್ಲಿ ಅದರ ಸ್ಥಾನವನ್ನು ನಿಯಮದಿಂದಲೇ ಗೊತ್ತುಪಡಿಸಬೇಕಾಗುತ್ತದೆ.

ಡೇಟಾಬೇಸ್‌ಗಳಲ್ಲಿನ ವ್ಯತ್ಯಾಸ

ಈ ನಿಯಮ ಎಲ್ಲೆಡೆ ಒಂದೇ ಆಗಿಲ್ಲ.

• ಪೋಸ್ಟ್‌ಗ್ರೆಸ್‌ಕ್ಯೂಎಲ್ ಮತ್ತು ಒರಾಕಲ್: ನಲ್ ಎಲ್ಲಕ್ಕಿಂತ ದೊಡ್ಡದೆಂದು ಪರಿಗಣಿತವಾಗುತ್ತದೆ, ಏರಿಕೆಯ ಕ್ರಮದಲ್ಲಿ ಕೊನೆಗೆ, ಇಳಿಕೆಯ ಕ್ರಮದಲ್ಲಿ ಮೊದಲಿಗೆ ಬರುತ್ತದೆ.
• ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್: ನಲ್ ಎಲ್ಲಕ್ಕಿಂತ ಚಿಕ್ಕದು, ಕ್ರಮ ಇದಕ್ಕೆ ವಿರುದ್ಧ.

88, 61 ಮತ್ತು ನಲ್ ಎಂಬ ಮೂರು ದಾಖಲೆಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ಎಸ್‌ಕ್ಯೂಲೈಟ್‌ನಲ್ಲಿ 88 ಮೊದಲು ಬರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಗೈರುಹಾಜರಾದ ವಿದ್ಯಾರ್ಥಿಯೇ ಮೊದಲ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತಾನೆ. ಮೊದಲ 10 ಮಂದಿಯನ್ನು ಮಾತ್ರ ತೋರಿಸುವ ಪುಟದಲ್ಲಿ ಗೈರುಹಾಜರಾದವರೇ 10 ಮಂದಿ ಇದ್ದರೆ, ಅಂಕ ಗಳಿಸಿದ ಒಬ್ಬರ ಹೆಸರೂ ಕಾಣುವುದಿಲ್ಲ. ಜಾಂಗೋ ತಾನಾಗಿ ಆರಿಸಿಕೊಳ್ಳುವ ಡೇಟಾಬೇಸ್ ಎಸ್‌ಕ್ಯೂಲೈಟ್ ಆಗಿರುವುದರಿಂದ, ಅಭಿವೃದ್ಧಿಯ ಹಂತದಲ್ಲಿ ಸರಿಯಾಗಿ ಕಂಡ ಪಟ್ಟಿಯು ಪೋಸ್ಟ್‌ಗ್ರೆಸ್‌ಕ್ಯೂಎಲ್ ಬಳಸುವ ಸರ್ವರ್‌ನಲ್ಲಿ ಯಾವ ದೋಷಸೂಚನೆಯೂ ಇಲ್ಲದೆ ಬದಲಾಗಬಹುದು.

ಜಾಂಗೋದಲ್ಲಿನ ಪರಿಹಾರ

ಕ್ಷೇತ್ರದ ಹೆಸರಿನ ಮುಂದೆ ಕಳೆಯುವ ಚಿಹ್ನೆ ಇಟ್ಟು ಇಳಿಕೆಯ ಕ್ರಮ ಕೇಳುವ ಸರಳ ವಿಧಾನದಲ್ಲಿ ನಲ್‌ನ ಸ್ಥಾನವನ್ನು ಡೇಟಾಬೇಸ್ ನಿರ್ಧರಿಸುತ್ತದೆ. 2017ರಲ್ಲಿ ಬಿಡುಗಡೆಯಾದ 1.11ನೇ ಆವೃತ್ತಿಯಿಂದ, ಏರಿಕೆ ಮತ್ತು ಇಳಿಕೆಯ ಕ್ರಮ ಸೂಚಿಸುವ ವಿಧಾನಗಳಿಗೆ ‘ನಲ್ಸ್ ಫಸ್ಟ್’ ಮತ್ತು ‘ನಲ್ಸ್ ಲಾಸ್ಟ್’ ಎಂಬ ಆಯ್ಕೆಗಳು ಸೇರಿವೆ. ಕ್ಷೇತ್ರವನ್ನು ‘ಎಫ್’ ಅಭಿವ್ಯಕ್ತಿಯಲ್ಲಿ ಬರೆದು ಇವುಗಳಲ್ಲಿ ಒಂದನ್ನು ಸೂಚಿಸಬೇಕು. ಎರಡನ್ನೂ ಒಟ್ಟಿಗೆ ಕೊಟ್ಟರೆ ದೋಷ ಉಂಟಾಗುತ್ತದೆ.

ಈ ಆಯ್ಕೆಗಳಿಗೆ ನೇರ ಪದಪುಂಜವಿಲ್ಲದ ಮೈಎಸ್‌ಕ್ಯೂಎಲ್‌ನಲ್ಲಿ, ಏರಿಕೆಯ ಕ್ರಮಕ್ಕೆ ‘ನಲ್ಸ್ ಲಾಸ್ಟ್’ ಕೇಳಿದಾಗ ಜಾಂಗೋ ಮೊದಲು ‘ಮೌಲ್ಯವು ನಲ್ ಆಗಿದೆಯೇ’ ಎಂಬ ಪರೀಕ್ಷೆಯಿಂದ ವಿಂಗಡಿಸುತ್ತದೆ. ಮೌಲ್ಯವಿದ್ದರೆ ಉತ್ತರ 0, ನಲ್ ಆಗಿದ್ದರೆ 1. ಹೀಗೆ ನಲ್ ಸಾಲುಗಳು ಹಿಂದೆ ಸರಿಯುತ್ತವೆ. ಅನಂತರ ಮೌಲ್ಯಗಳ ಕ್ರಮ ನಡೆಯುತ್ತದೆ.

ಇತರ ವಿಧಾನಗಳು

‘ಕೋಅಲೆಸ್’ ಕಾರ್ಯದ ಮೂಲಕ ನಲ್‌ಗೆ ಬದಲಿ ಮೌಲ್ಯ ನೀಡಬಹುದು. ಆದರೆ 0 ಅನ್ನು ಬದಲಿಯಾಗಿ ಬಳಸಿದರೆ, ಗೈರುಹಾಜರಾದವರು ಮತ್ತು 0 ಅಂಕ ಪಡೆದವರು ಒಂದೇ ಗುಂಪಿನಲ್ಲಿ ಬೆರೆಯುತ್ತಾರೆ. ದಾಖಲೆಗಳನ್ನು ಪೈಥಾನ್ ಪಟ್ಟಿಯಾಗಿ ಪಡೆದು ಮೌಲ್ಯಗಳನ್ನು ನೇರವಾಗಿ ವಿಂಗಡಿಸುವುದೂ ಸುರಕ್ಷಿತವಲ್ಲ. ಅಲ್ಲಿ ನಲ್ ‘ನನ್’ ಎಂಬ ರೂಪ ತಾಳುತ್ತದೆ, ಪೈಥಾನ್ 3ರಲ್ಲಿ ಅದನ್ನು ಸಂಖ್ಯೆಯೊಡನೆ ಹಿರಿದು-ಕಿರಿದೆಂದು ಹೋಲಿಸಿದರೆ ದೋಷ ಬರುತ್ತದೆ.