ನೆಂಚಿಕೊಳ್ಳಲು ಹಕ್ಕಿ

ಗುವಾಮ್ ದ್ವೀಪದ ಕಾಡಿನಲ್ಲಿ ಓಡಾಡುವಾಗ ಕೈಯಲ್ಲೊಂದು ಕೋಲಿದ್ದರೆ ಒಳ್ಳೆಯದು. ಹಾವಿಗೆಂದಲ್ಲ, ಮುಖಕ್ಕೆ ಮೆತ್ತುವ ಜೇಡರ ಬಲೆ ಬಿಡಿಸಿಕೊಳ್ಳಲು. ಮಳೆಗಾಲದಲ್ಲಿ ಇಲ್ಲಿ ನೆರೆದ್ವೀಪಗಳಿಗಿಂತ 40 ಪಟ್ಟು ಹೆಚ್ಚು ಜೇಡಗಳಿರುತ್ತವೆ ಎಂದು 2012ರ ಅಧ್ಯಯನವೊಂದು ಲೆಕ್ಕ ಹಾಕಿತು. ಹಿಡಿದು ತಿನ್ನಲು ಹಕ್ಕಿಗಳೇ ಇಲ್ಲವಲ್ಲ!

ಪಶ್ಚಿಮ ಪೆಸಿಫಿಕ್‌ನ ಈ ಅಮೆರಿಕನ್ ದ್ವೀಪದ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್. ಇಲ್ಲಿ ಹಕ್ಕಿದನಿ ಮೊದಲು ಅಡಗಿದ್ದು ದಕ್ಷಿಣದಲ್ಲಿ, ಆಮೇಲೆ ಉತ್ತರದಲ್ಲಿ. ಕೀಟನಾಶಕವೋ ರೋಗವೋ ಎಂದು ತಜ್ಞರು ತಡಕಾಡಿದರು. ಜೀವಶಾಸ್ತ್ರಜ್ಞೆ ಜೂಲಿ ಸ್ಯಾವಿಜ್ ಮಾತ್ರ ಊರವರನ್ನೇ ಕೇಳಿದರು: ಹಾವು ಯಾವಾಗಿನಿಂದ ಕಾಣಿಸಿತು? ಹಕ್ಕಿ ಯಾವಾಗಿನಿಂದ ಕಾಣದಾಯಿತು? ಎರಡೂ ಉತ್ತರಗಳು ಒಂದೇ ದಾರಿಯಲ್ಲಿ ಸಾಗಿದ್ದವು. 1987ರಲ್ಲಿ ಅವರ ಪ್ರಬಂಧ ಪ್ರಕಟವಾಗುವಷ್ಟರಲ್ಲಿ ಕಾಲ ಮಿಂಚಿತ್ತು. 12 ಸ್ಥಳೀಯ ಕಾಡುಹಕ್ಕಿಗಳಲ್ಲಿ 10 ದ್ವೀಪದಿಂದಲೇ ಮಾಯವಾದವು.

ಆ ಕಂದು ಮರಹಾವು ಎರಡನೇ ಮಹಾಯುದ್ಧದ ನಂತರ ಸೇನೆಯ ಸರಕಿನಲ್ಲಿ ನುಸುಳಿ ಬಂದದ್ದು. ನಮ್ಮ ಪಶ್ಚಿಮಘಟ್ಟದ ಬೆಕ್ಕುಕಣ್ಣಿನ ಹಾವಿನ ದಾಯಾದಿ. ಆದರೆ ನಮ್ಮ ಘಟ್ಟದಲ್ಲಿ ಹಾವಿನ ಜೊತೆಗೇ ಬೆಳೆದ ಹಕ್ಕಿಗಳಿವೆ, ಹಾವನ್ನು ಹಿಡಿಯುವ ಹದ್ದುಗಳಿವೆ. ಗುವಾಮಿನಲ್ಲಿ ಮೊದಲಿದ್ದ ಹಾವೆಂದರೆ ಎರೆಹುಳದಂಥ ಕುರುಡುಹಾವು ಮಾತ್ರ. ರಾತ್ರಿ ಗೂಡಿಗೆ ಹತ್ತುವ ಬೇಟೆಗಾರನನ್ನು ಅಲ್ಲಿನ ಹಕ್ಕಿ ಕಂಡೇ ಇರಲಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಕ್ಕಿ ತೀರುತ್ತ ಬಂದಂತೆ ಹಾವೂ ಹಸಿವಿನಿಂದ ಸೊರಗಬೇಕಿತ್ತಲ್ಲ? ಸೊರಗಲಿಲ್ಲ. ನನಗೆ ಇಡೀ ಕಥೆಯ ಕ್ರೂರ ತಿರುವು ಇದೇ. ದ್ವೀಪದ ತುಂಬ ಹಲ್ಲಿ, ಹಾವುರಾಣಿಗಳಿದ್ದವು. ಹಾವುರಾಣಿಗಳಲ್ಲೂ ಹೊರಗಿನಿಂದ ಬಂದವಿದ್ದವು. ಮರಿಹಾವುಗಳಿಗೆ ಅದೇ ಹೊಟ್ಟೆತುಂಬ ಊಟ. ಹಕ್ಕಿ, ಮೊಟ್ಟೆ ಏನಿದ್ದರೂ ನೆಂಚಿಕೊಳ್ಳಲು. ಊಟ ಮುಗಿಯದೆ ಉಪ್ಪಿನಕಾಯಿ ಖಾಲಿಯಾಯಿತು.

ಹಾವು ಇನ್ನೂ ಇದೆ. ವಿದ್ಯುತ್ ತಂತಿಗೆ ಸುತ್ತಿಕೊಂಡು ತಾನೂ ಸಾಯುತ್ತದೆ, ಊರನ್ನೂ ಕತ್ತಲಲ್ಲಿಡುತ್ತದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅದಕ್ಕೆ ವಿಷ. 80 ಮಿಲಿಗ್ರಾಂ ಮಾತ್ರೆ ತುರುಕಿದ ಸತ್ತ ಇಲಿಗಳನ್ನು ಪುಟ್ಟ ಪ್ಯಾರಾಚೂಟ್ ಕಟ್ಟಿ ಹೆಲಿಕಾಪ್ಟರ್‌ನಿಂದ ಉದುರಿಸಿದ್ದೂ ಆಯಿತು.

ಗುವಾಮಿನ ನೀಲಿ ರೆಕ್ಕೆಯ ಮಿಂಚುಳ್ಳಿ, ಅಲ್ಲಿನವರ ‘ಸಿಹೆಕ್’, ಕಾಡಿನಲ್ಲಿ ಕೊನೆಯ ಸಲ ಕಂಡದ್ದು 1988ರಲ್ಲಿ. ಅಷ್ಟರಲ್ಲಿ ಹಿಡಿದಿಟ್ಟಿದ್ದ 29 ಹಕ್ಕಿಗಳ ಸಂತಾನ ಮೃಗಾಲಯಗಳಲ್ಲಿ ಉಳಿಯಿತು. 2024ರಲ್ಲಿ ಅವುಗಳಲ್ಲಿ 9ನ್ನು ಮತ್ತೆ ಬಯಲಿಗೆ ಬಿಟ್ಟರು. ಗುವಾಮಿನಲ್ಲಲ್ಲ, ಸಾವಿರಾರು ಕಿಲೋಮೀಟರ್ ಆಚೆಯ, ಹಾವಿಲ್ಲದ ಪಾಮೈರಾ ಹವಳದ್ವೀಪದಲ್ಲಿ.